ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಶಾಲೆ

ಮಗಳು ಟೊರಾಂಟೊದಲ್ಲಿ ಒಂದನೇ ತರಗತಿಗೆ ಸೇರಿದ ಮೊದಲ ವಾರ, ಸಂಜೆ ಅವಳ ಊಟದ ಡಬ್ಬಿ ತೆರೆದ ನನ್ನ ಹೆಂಡತಿಗೆ ಸಿಕ್ಕಿದ್ದು ಕಪ್ಪಾದ ಬಾಳೆಹಣ್ಣಿನ ಸಿಪ್ಪೆ, ಅರ್ಧ ಉಳಿಸಿದ ಚಿತ್ರಾನ್ನ, ಮತ್ತು ಅದರಿಂದ ಆರಿಸಿ ಮುಚ್ಚಳದಲ್ಲಿ ಗುಡ್ಡೆ ಹಾಕಿದ್ದ ಕರಿಬೇವಿನ ಎಲೆಗಳು. ಶಾಲೆಯಲ್ಲಿ ಕಸದ ಬುಟ್ಟಿ ಇಲ್ಲವೇ ಎಂದು ಕೇಳಿದರೆ, ‘ಇದೆ ಅಮ್ಮ, ಆದ್ರೆ ನಾವು ತಂದಿದ್ದನ್ನ ನಾವೇ ವಾಪಸ್ ತರ್ಬೇಕಂತೆ’ ಎಂದಳು. ಇದಕ್ಕೆ ಇಲ್ಲಿ ಬೂಮರಾಂಗ್ ಲಂಚ್ ಎನ್ನುತ್ತಾರೆ. ಮಗು ಎಷ್ಟು ತಿಂದಿತು, ಎಷ್ಟು ಬಿಟ್ಟಿತು, ಎಷ್ಟು ಪ್ಲಾಸ್ಟಿಕ್ ಹೊತ್ತು ಹೋಗಿತ್ತು ಎಂಬುದೆಲ್ಲ ಆ ಡಬ್ಬಿಯಲ್ಲಿ ಲೆಕ್ಕ ಒಪ್ಪಿಸಿದಂತೆ ಮನೆಗೆ ಬರುತ್ತದೆ. ಒಂದು ತಿಂಗಳೊಳಗೆ ನಾವು ಅನ್ನದ ಅಳತೆ ಇಳಿಸಿದೆವು, ಬಿಸ್ಕತ್ತಿನ ಪೊಟ್ಟಣ ಕಟ್ಟುವುದನ್ನು ಬಿಟ್ಟೆವು. ಪರಿಸರದ ಬಗ್ಗೆ ಭಾಷಣ ಕೇಳಿ ಬೆಳೆದ ನಮಗೆ ಸಿಪ್ಪೆ ಮಾಡಿದಷ್ಟು ಪರಿಣಾಮವನ್ನು ಯಾವ ಭಾಷಣವೂ ಮಾಡಿರಲಿಲ್ಲ.

ಅದು ಮನೆಯ ಪಕ್ಕದ ಸಾಧಾರಣ ಸರ್ಕಾರಿ ಶಾಲೆ. ಇದೇ ಊರಿನಲ್ಲಿ ಇಂಥ ಪಾಠವನ್ನೇ ಅಡಿಪಾಯ ಮಾಡಿಕೊಂಡು ನಿಂತಿರುವ ಪ್ರಾಥಮಿಕ ಶಾಲೆಯೂ ಇದೆ. ನಗರದ ಪಶ್ಚಿಮ ಭಾಗದ ಗ್ಲ್ಯಾಡ್‌ಸ್ಟೋನ್ ಅವೆನ್ಯೂದಲ್ಲಿ 2009ರ ಸೆಪ್ಟೆಂಬರ್‌ನಲ್ಲಿ ಶುರುವಾದ ‘ದಿ ಗ್ರೋವ್ ಕಮ್ಯೂನಿಟಿ ಸ್ಕೂಲ್’ ಪರಿಸರ, ಸಾಮಾಜಿಕ ನ್ಯಾಯ ಮತ್ತು ಸಮುದಾಯದ ಕೆಲಸ ಎಂಬ ಮೂರನ್ನು ತನ್ನ ಕಂಬಗಳೆಂದು ಹೇಳಿಕೊಳ್ಳುತ್ತದೆ. ಶಿಶುವಿಹಾರದಿಂದ ಆರನೇ ತರಗತಿಯವರೆಗೆ ಮಕ್ಕಳಿದ್ದಾರೆ. ಅದಕ್ಕೆ ಸ್ವಂತ ಕಟ್ಟಡವಿಲ್ಲ. ಮೊದಲೇ ಇದ್ದ ಸರ್ಕಾರಿ ಶಾಲೆಯೊಂದರ ಕಟ್ಟಡದಲ್ಲಿ ಕೆಲವು ಕೊಠಡಿಗಳನ್ನು ಹಂಚಿಕೊಂಡಿದೆ. ಶುಲ್ಕವಿಲ್ಲ, ಶಿಕ್ಷಕರ ಸಂಬಳ ಶಾಲಾ ಮಂಡಳಿಯದ್ದು, ಪಠ್ಯಕ್ರಮ ಒಂಟಾರಿಯೊ ಪ್ರಾಂತ್ಯದ್ದೇ. ಗಣಿತ, ಓದು, ಬರಹಕ್ಕೆ ಮೂರು ಮತ್ತು ಆರನೇ ತರಗತಿಗಳಲ್ಲಿ ಇಡೀ ಪ್ರಾಂತ್ಯಕ್ಕೆ ನಡೆಯುವ ಪರೀಕ್ಷೆಯೂ ತಪ್ಪುವುದಿಲ್ಲ. ಕಲಿಯಬೇಕಾದ ವಿಷಯಗಳು ಎಲ್ಲರಿಗೂ ಅವೇ, ಅವುಗಳನ್ನು ಯಾವ ಪ್ರಶ್ನೆಯ ಮೂಲಕ ತಲುಪಬೇಕು ಎಂಬುದಷ್ಟೇ ಬೇರೆ.

ಹೊರನಾಡಿನಲ್ಲಿ ಕುಳಿತ ನನ್ನಂಥವನಿಗೆ ಬೆರಗು ಹುಟ್ಟಿಸುವುದು ಈ ಏರ್ಪಾಡೇ ಹೊರತು ಅಲ್ಲಿನ ಬೋಧನಾ ಕ್ರಮವಲ್ಲ. ಇಲ್ಲಿ ಪರ್ಯಾಯ ಶಾಲೆ ಎಂದರೆ ಸರ್ಕಾರಿ ವ್ಯವಸ್ಥೆಯನ್ನು ಬಿಟ್ಟು ಹೋದವರ ಶಾಲೆಯಲ್ಲ, ಅದರ ಒಳಗೇ ಜಾಗ ಕೇಳಿದವರ ಶಾಲೆ. ಟೊರಾಂಟೊದಲ್ಲಿ ಈ ಪದ್ಧತಿಗೆ ಐವತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಆಲ್ಫಾ ಎಂಬ ಪ್ರಾಥಮಿಕ ಶಾಲೆ 1972ರಲ್ಲೇ ಆರಂಭವಾಗಿತ್ತು. ತಂದೆ-ತಾಯಂದಿರ ಒಂದು ಗುಂಪು ಸೇರಿ ತಮಗೆ ಎಂಥ ಶಾಲೆ ಬೇಕು ಎಂದು ಬರೆದು ಮಂಡಳಿಯ ಮುಂದಿಟ್ಟು, ವರ್ಷಗಟ್ಟಲೆ ಸಭೆಗಳಲ್ಲಿ ಕುಳಿತು ಒಪ್ಪಿಗೆ ಪಡೆಯಬಹುದು.

ನಮ್ಮಲ್ಲಿ ಹೇಗೆ? ಕರ್ನಾಟಕದಲ್ಲಿ ‘ಪರ್ಯಾಯ ಶಾಲೆ’ ಎಂದೊಡನೆ ಬೆಂಗಳೂರಿನ ಹೊರವಲಯದ ಮರಗಳ ನಡುವಿನ ಯಾವುದೋ ಟ್ರಸ್ಟಿನ ಶಾಲೆ ಕಣ್ಣ ಮುಂದೆ ಬರುತ್ತದೆ. ಅಂಥ ಶಾಲೆಗಳ ಬಗ್ಗೆ ನನಗೆ ಗೌರವವೇ ಇದೆ, ಕೆಲವಂತೂ ಅಪರೂಪದ ಕೆಲಸ ಮಾಡಿವೆ. ಆದರೆ ಬಹುತೇಕ ಕಡೆ ಶುಲ್ಕ ಕಟ್ಟಿದವರ ಮಕ್ಕಳೇ ಮಣ್ಣು ಮುಟ್ಟುತ್ತಾರೆ, ಮಣ್ಣಿನಲ್ಲೇ ಹುಟ್ಟಿದವರ ಮಕ್ಕಳು ಟೈ ಕಟ್ಟಿಕೊಂಡು ಕಾನ್ವೆಂಟಿನ ವ್ಯಾನು ಹತ್ತುತ್ತಾರೆ. ಇದಕ್ಕೆ ದೊಡ್ಡ ಅಪವಾದವೆಂದರೆ ಮಕ್ಕಳು ಆಡುತ್ತಾ ತಮ್ಮ ವೇಗದಲ್ಲೇ ಕಲಿಯುವ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದು, ಕಾರ್ಡುಗಳು, ಕಲಿಕಾ ಏಣಿ, ಮೈಲಿಗಲ್ಲುಗಳು ಎಂದು ತಮ್ಮದೇ ರೀತಿಯಲ್ಲಿ ಕಟ್ಟಿದ ಆ ಪದ್ಧತಿ, ಗ್ರೋವ್ ಶಾಲೆ ಬಾಗಿಲು ತೆರೆದ 2009ರಲ್ಲೇ, ಇಡೀ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ವ್ಯಾಪಿಸಿತು. ಟೊರಾಂಟೊದವರು ಒಂದೊಂದೇ ಶಾಲೆಗೆ ಅನುಮತಿ ಕೊಡುತ್ತಿದ್ದ ಕಾಲದಲ್ಲಿ ನಾವು ಸಾವಿರಾರು ಶಾಲೆಗಳಲ್ಲಿ ಪರ್ಯಾಯವನ್ನೇ ರೂಢಿ ಮಾಡಲು ಹೊರಟಿದ್ದೆವು ಎಂಬುದನ್ನು ನಾವೇ ನೆನಪಿಟ್ಟುಕೊಂಡಿಲ್ಲ.

ಆದರೆ ನಲಿ-ಕಲಿ ಕಲಿಸುವ ಬಗೆಯನ್ನು ಬದಲಿಸಿತು, ಕೇಳುವ ಪ್ರಶ್ನೆಯನ್ನು ಬದಲಿಸಲಿಲ್ಲ. ಕಬಿನಿ ಜಲಾಶಯಕ್ಕಾಗಿ, ಆಮೇಲೆ ನಾಗರಹೊಳೆಯ ರಾಷ್ಟ್ರೀಯ ಉದ್ಯಾನಕ್ಕಾಗಿ ಒಕ್ಕಲೆಬ್ಬಿಸಲಾದ ಜೇನುಕುರುಬರ ಹಾಡಿಗಳು ಇರುವುದೂ ಅದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಕಾಡನ್ನು ಉಳಿಸಬೇಕು ಎಂಬ ಪಾಠವನ್ನು ಹಾಡಿಯ ಮಗು ಓದುವಾಗ, ಕಾಡಿನಲ್ಲಿದ್ದವರು ಎಲ್ಲಿಗೆ ಹೋದರು ಎಂಬ ಪ್ರಶ್ನೆ ಅದರ ಎದುರಿಗೇ ಇರುತ್ತದೆ, ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ. ನಾನು ಓದಿದ ಅರಸೀಕೆರೆ ತಾಲ್ಲೂಕಿನ ಶಾಲೆಯಲ್ಲಂತೂ ಪರಿಸರವೆಂದರೆ ವನಮಹೋತ್ಸವ. ಪ್ರತಿ ವರ್ಷ ಗಣ್ಯರೊಬ್ಬರು ಬಂದು ಸಸಿ ನೆಡುತ್ತಿದ್ದರು, ಪ್ರತಿ ವರ್ಷವೂ ಹಿಂದಿನ ವರ್ಷದ ಗುಂಡಿಯಲ್ಲೇ.

ಪರಿಸರ ಮತ್ತು ನ್ಯಾಯ ಒಂದೇ ಪಾಠ ಎಂಬುದನ್ನು ಕಾಣಲು ಕಸಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಟೊರಾಂಟೊ ತನ್ನ ಕಸವನ್ನು ಬಹಳ ವರ್ಷ ಗಡಿ ದಾಟಿಸಿ ಅಮೆರಿಕದ ಮಿಶಿಗನ್‌ಗೆ ಲಾರಿಗಳಲ್ಲಿ ಕಳಿಸುತ್ತಿತ್ತು. 2007ರಲ್ಲಿ ನಗರ ಆಡಳಿತ ಸುಮಾರು 200 ಕಿಲೋಮೀಟರ್ ದೂರದ ಒಂಟಾರಿಯೊದ್ದೇ ಆದ ಲಂಡನ್ ಪಟ್ಟಣದ ಬಳಿ ಗ್ರೀನ್ ಲೇನ್ ಎಂಬ ಕಸ ಹೂಳುವ ಜಾಗವನ್ನು ಕೊಂಡುಕೊಂಡಿತು. 2011ರಿಂದ ಕಸ ಅಲ್ಲಿಗೆ ಹೋಗುತ್ತದೆ. ಅದರ ನೆರೆಯಲ್ಲಿ ಇರುವವರು ಒನೈಡಾ ಮೂಲನಿವಾಸಿ ಸಮುದಾಯದವರು. ಬೆಂಗಳೂರಿನವರಿಗೆ ಈ ಕಥೆ ಹೊಸದಲ್ಲ. ನಗರದ ಹೊರಗಿನ ಮಾವಳ್ಳಿಪುರದವರು ಪ್ರತಿಭಟಿಸಿ 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಆ ಕಸ ಮಂಡೂರಿನ ಮೇಲೆ ಬಿತ್ತು. ಮಂಡೂರಿನವರು ಬೀದಿಗಿಳಿದು 2014ರ ಕೊನೆಗೆ ಅದನ್ನೂ ನಿಲ್ಲಿಸಿದರು. ಹಸಿ ಕಸ, ಒಣ ಕಸ ಎಂದು ಬೇರ್ಪಡಿಸುವುದನ್ನು ಬೆಂಗಳೂರಿನ ಶಾಲೆಗಳು ಇಂದು ಚೆನ್ನಾಗಿಯೇ ಕಲಿಸುತ್ತಿವೆ. ಆದರೆ ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ದಲಿತ ಹೆಂಗಸರೇ ಏಕೆ ಹೆಚ್ಚು ಎಂದು ಯಾವುದಾದರೂ ಮಗು ಕೇಳಿದರೆ, ಮೇಷ್ಟ್ರು ಅದನ್ನು ಪರಿಸರದ ಪಾಠ ಎಂದು ಒಪ್ಪುತ್ತಾರೆಯೇ? ಗ್ರೋವ್‌ನಂಥ ಶಾಲೆಯ ಹಟವೇ ಅದು: ಇವೆರಡನ್ನು ಬೇರೆ ಬೇರೆ ಪಿರಿಯಡ್ ಮಾಡಬಾರದು.

ಇಷ್ಟು ಹೊಗಳಿದ ಮೇಲೆ ನನ್ನ ಅನುಮಾನಗಳನ್ನೂ ಹೇಳಬೇಕು. ಅಂಥದೊಂದು ಪರ್ಯಾಯ ಶಾಲೆಗೆ ನಾವೂ ಅರ್ಜಿ ಹಾಕಿದ್ದೆವು. ಮಾಹಿತಿ ಸಭೆಗೆ ಹೋದಾಗ ಸುತ್ತ ಕುಳಿತವರನ್ನು ನೋಡಿದೆ: ಬಹುಪಾಲು ಬಿಳಿಯರು, ಓದಿಕೊಂಡವರು, ಮಧ್ಯಾಹ್ನ ನಾಲ್ಕಕ್ಕೆ ಕೆಲಸದಿಂದ ಬಿಡುವು ಮಾಡಿಕೊಳ್ಳಬಲ್ಲವರು. ಸೀಟಿಗಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತುತ್ತಾರೆ, ಅಲ್ಲಿಗೆ ಅದು ನ್ಯಾಯವೇ. ಆದರೆ ಇಂಥ ಶಾಲೆಗಳಿಗೆ ಸಾಮಾನ್ಯವಾಗಿ ಶಾಲಾ ಬಸ್ಸು ಇರುವುದಿಲ್ಲ. ಎರಡು ಪಾಳಿ ದುಡಿಯುವ ತಾಯಿ ಮಗುವನ್ನು ಊರಿನ ಆ ತುದಿಗೆ ದಿನವೂ ಬಿಟ್ಟು ಬರಲಾರಳು, ಹಾಗಾಗಿ ಅವಳ ಮಗುವಿನ ಹೆಸರು ಚೀಟಿಯಲ್ಲೇ ಇರುವುದಿಲ್ಲ. ಸಾಮಾಜಿಕ ನ್ಯಾಯದ ಪಾಠವನ್ನು ಅದು ಕಡಿಮೆ ಬೇಕಾದವರ ಮಕ್ಕಳೇ ಕುಳಿತು ಕೇಳುವಂತಾದರೆ ಏನು ಬಂತು? (ನಮ್ಮ ಚೀಟಿ ಬರಲಿಲ್ಲ. ಹೊಟ್ಟೆಯುರಿಯಿಂದ ಬರೆಯುತ್ತಿದ್ದೇನೆ ಎಂದು ಯಾರಾದರೂ ಅಂದುಕೊಂಡರೆ ಪೂರ್ತಿ ತಪ್ಪಲ್ಲ.)

ಇನ್ನೊಂದು ಅನುಮಾನ ಭಿತ್ತಿಪತ್ರಗಳ ಬಗ್ಗೆ. ಎಣ್ಣೆಯ ಕೊಳವೆಮಾರ್ಗದಂಥ ಯೋಜನೆಗಳ ವಿರುದ್ಧ ಏಳೆಂಟು ವರ್ಷದ ಮಕ್ಕಳು ಘೋಷಣೆ ಕೂಗುತ್ತಾ ಮೆರವಣಿಗೆ ಹೋದಾಗ, ಇದು ಶಿಕ್ಷಣವೋ ಪ್ರಚಾರವೋ ಎಂಬ ಜಗಳ ಇಲ್ಲಿ ಏಳುತ್ತದೆ. ಮಗುವಿನ ಕೈಗೆ ಉತ್ತರ ಬರೆದ ಹಲಗೆ ಕೊಡುವ ಮೊದಲು, ಮನೆಯ ಒಲೆ ಯಾವುದರಿಂದ ಉರಿಯುತ್ತದೆ ಎಂದು ಅದು ತಾನೇ ಹುಡುಕಿ ಬರಲಿ ಎನ್ನುವವನು ನಾನು. ಇಲ್ಲಿನ ಶಾಲೆಗಳಲ್ಲಿ ಬೆಳಿಗ್ಗೆ ರಾಷ್ಟ್ರಗೀತೆಯ ಜೊತೆಗೆ, ಈ ನೆಲ ಮೂಲನಿವಾಸಿಗಳದ್ದು ಎಂಬ ಒಪ್ಪಿಗೆಯ ಮಾತನ್ನೂ ಓದುತ್ತಾರೆ. ದಿನವೂ ಓದಿದ್ದು ನಮ್ಮ ಸಂಧ್ಯಾವಂದನೆಯಂತೆ ಬಾಯಿಪಾಠವಾಗುವುದು ಸಹಜ. ಅದೇ ಮಗುವಿಗೆ, 1805ರಲ್ಲಿ ಮಿಸಿಸಾಗಾ ಜನರಿಂದ ಈ ಟೊರಾಂಟೊ ಪ್ರದೇಶದ ಬಹುಭಾಗವನ್ನು 10 ಷಿಲ್ಲಿಂಗಿಗೆ ಬರೆಸಿಕೊಳ್ಳಲಾಯಿತು, 2010ರಲ್ಲಿ ಕೆನಡಾ ಸರ್ಕಾರ ಅದಕ್ಕೆ 14.5 ಕೋಟಿ ಡಾಲರ್ ಪರಿಹಾರ ಕೊಟ್ಟಿತು ಎಂದು ಹೇಳಿ, ಗಣಿತದ ಪಿರಿಯಡ್‌ನಲ್ಲಿ ಲೆಕ್ಕ ಮಾಡಿಸಿದರೆ ಪಾಠ ಬೇರೆಯೇ ಆಗುತ್ತದೆ.

ನಮ್ಮ ಸರ್ಕಾರಿ ಶಾಲೆಗಳಿಗೆ ಉದಾಹರಣೆಗಳನ್ನು ಹುಡುಕಿಕೊಂಡು ಹೋಗುವ ಕಷ್ಟವೂ ಇಲ್ಲ. ಮಧ್ಯಾಹ್ನದ ಬಿಸಿಯೂಟದ ಸಾಲೇ ನಮ್ಮ ಸಾಮಾಜಿಕ ನ್ಯಾಯದ ತರಗತಿ. ಒಂದೇ ಹಂಡೆಯ ಅನ್ನ, ಒಂದೇ ಚಾಪೆ. ಅಡುಗೆ ಮಾಡುವವರ ಜಾತಿ ಕೇಳಿ ಮಕ್ಕಳನ್ನು ಊಟಕ್ಕೆ ಕಳಿಸದ ಊರುಗಳ ಸುದ್ದಿ ಈಗಲೂ ಬರುತ್ತದೆ, ಮೊಟ್ಟೆ ಕೊಡಬೇಕೋ ಬೇಡವೋ ಎಂದು ದೊಡ್ಡವರು ವರ್ಷಗಟ್ಟಲೆ ಕಿತ್ತಾಡಿದ್ದಾರೆ, ಆದರೆ ತಿನ್ನುವ ಮಗುವಿನ ಎದುರು ಕುಳಿತು ಇದನ್ನೆಲ್ಲ ಪಾಠವಾಗಿ ಮಾತಾಡುವ ಧೈರ್ಯ ನಮಗೆ ಬಂದಿಲ್ಲ. ಇದನ್ನು ಮಾತಾಡಲು ಬೇಕಾದ ಅನುಕೂಲವೂ ನಮಗಿದೆ; ಪ್ರತಿ ಸರ್ಕಾರಿ ಶಾಲೆಗೂ ಪೋಷಕರದೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದೆ. ಅದರ ಸಭೆಗಳು ಹೆಚ್ಚಾಗಿ ಕಾಂಪೌಂಡು, ಶೌಚಾಲಯ, ಸುಣ್ಣ-ಬಣ್ಣದಲ್ಲೇ ಮುಗಿಯುತ್ತವೆ. ಮಕ್ಕಳು ಏನನ್ನು ಕೇಳುತ್ತಾ ಬೆಳೆಯಬೇಕು ಎಂಬ ಮಾತು ಅಲ್ಲಿ ಏಳುವುದು ಅಪರೂಪ.

ಹೋದ ಜುಲೈನಲ್ಲಿ ಊರಿಗೆ ಹೋದಾಗ ಮಗಳನ್ನು ನನ್ನ ಹಳೆಯ ಶಾಲೆಗೆ ಕರೆದುಕೊಂಡು ಹೋಗಿದ್ದೆ. ಮಕ್ಕಳು ಕಡಿಮೆಯಾಗಿ ಎರಡು ಕೊಠಡಿಗಳಿಗೆ ಬೀಗ ಬಿದ್ದಿದೆ. ಊಟದ ಹೊತ್ತಾಗಿತ್ತು, ಹೆಡ್‌ಮೇಷ್ಟ್ರು ಬಿಡಲಿಲ್ಲ, ಅವಳೂ ಸಾಲಿನಲ್ಲಿ ಕುಳಿತು ಅನ್ನ-ಸಾರು ಉಂಡಳು. ಆಮೇಲೆ ತಟ್ಟೆ ಹಿಡಿದು ನಲ್ಲಿಯ ಬಳಿ ನಿಂತವಳು ಪಕ್ಕದ ಹುಡುಗಿಯನ್ನು, ‘ಈ ನೀರು ಎಲ್ಲಿಗೆ ಹೋಗತ್ತೆ?’ ಎಂದು ಕೇಳಿದಳು. ಆ ಹುಡುಗಿ ತಟ್ಟೆ ತೊಳೆಯುವುದನ್ನು ನಿಲ್ಲಿಸದೆ, ಗೋಡೆಯ ಪಕ್ಕದ ಸಣ್ಣ ಕಾಲುವೆಯತ್ತ ಗಲ್ಲ ತೋರಿಸಿ, ‘ನುಗ್ಗೆ ಗಿಡಕ್ಕೆ. ಇವತ್ತು ಉಂಡ್ಯಲ್ಲ, ಅದೇ ಸೊಪ್ಪು’ ಎಂದಳು.