ಅಮೆರಿಕದ ಸಂವಿಧಾನ ತಿದ್ದುವುದು ಇಷ್ಟು ಕಷ್ಟವಿರಬೇಕೇ?

ಪರ: ಬೀಗ ಗಟ್ಟಿಯಾಗಿಯೇ ಇರಲಿ

2006ರ ಜೂನ್‌ನಲ್ಲಿ ಅಮೆರಿಕದ ಸೆನೆಟ್ ಒಂದು ತಿದ್ದುಪಡಿಯನ್ನು ಮತಕ್ಕೆ ಹಾಕಿತು. ರಾಷ್ಟ್ರಧ್ವಜ ಸುಡುವುದನ್ನು ನಿಷೇಧಿಸುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಸಿಗಬೇಕೆಂಬುದು ಅದರ ತಿರುಳು. ಕಾಂಗ್ರೆಸ್ಸಿನ ಇನ್ನೊಂದು ಸದನವಾದ ಪ್ರತಿನಿಧಿ ಸಭೆ ಹಿಂದಿನ ವರ್ಷವೇ ಒಪ್ಪಿತ್ತು. ಸೆನೆಟ್‌ನಲ್ಲಿ ಪರವಾಗಿ ಬಂದದ್ದು 66 ಮತ, ಬೇಕಿದ್ದುದು 67. ಧ್ವಜ ಸುಡುವವರನ್ನು ಕಂಡರೆ ನನಗೂ ಸಂಕಟವಾಗುತ್ತದೆ. ಆದರೂ 1791ರಿಂದ ಒಂದಕ್ಷರವೂ ಮುಕ್ಕಾಗದೆ ಉಳಿದಿರುವ ವಾಕ್‌ಸ್ವಾತಂತ್ರ್ಯದ ಭರವಸೆಗೆ ಮೊದಲ ಕತ್ತರಿ ಬೀಳದಂತೆ ತಡೆದದ್ದು ಆ ಒಂದು ಮತ. ಸಾಮಾನ್ಯ ಬಹುಮತ ಸಾಕಾಗಿದ್ದರೆ ಕತ್ತರಿ ಬಿದ್ದೇ ಬಿಡುತ್ತಿತ್ತು.

ಆ ಮತಕ್ಕೆ ಅಷ್ಟು ಬೆಲೆ ಬಂದದ್ದು ಸಂವಿಧಾನದ ಐದನೇ ವಿಧಿಯಿಂದ. ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಆಮೇಲೆ ನಾಲ್ಕನೇ ಮೂರರಷ್ಟು ರಾಜ್ಯಗಳು, ಅಂದರೆ ಇಂದಿನ 50ರಲ್ಲಿ 38, ಒಪ್ಪಬೇಕು. ಇಲ್ಲಿಯವರೆಗೆ ಹೀಗೆ ದಾಟಿ ಬಂದವು 27 ಮಾತ್ರ.

ಇದನ್ನು ಹಟಮಾರಿತನವೆನ್ನುವವರು, ಈ ಸಂವಿಧಾನ ಬರೆದ 1787ಕ್ಕೆ ಮುಂಚಿನ ಕಥೆ ಮರೆಯುತ್ತಾರೆ. ಮೊದಲ ಒಕ್ಕೂಟದ ಒಪ್ಪಂದವನ್ನು ತಿದ್ದಲು 13 ರಾಜ್ಯಗಳೂ ಒಪ್ಪಬೇಕಿತ್ತು. ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಆಮದಿನ ಮೇಲೆ ನೂರಕ್ಕೆ ಐದು ಸುಂಕ ಹಾಕೋಣವೆಂದು ಕಾಂಗ್ರೆಸ್ 1781ರಲ್ಲಿ ಕೇಳಿತು. ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಬೇಡವೆಂದಿತು, ಅಲ್ಲಿಗೆ ಮುಗಿಯಿತು. ಎರಡನೇ ಸಲ ಕೇಳಿದಾಗ ಅಡ್ಡ ನಿಂತದ್ದು ನ್ಯೂಯಾರ್ಕ್. ಆ ಅನುಭವದಿಂದ ಬೆಂದವರು ಫಿಲಡೆಲ್ಫಿಯಾದಲ್ಲಿ ಕೂತು ಬಾಗಿಲನ್ನು ಇನ್ನಷ್ಟು ಬಿಗಿ ಮಾಡಲಿಲ್ಲ, ಸಡಿಲಗೊಳಿಸಿದರು. ಎಷ್ಟು ಸಡಿಲವೆಂದರೆ, ಒಬ್ಬರ ಹಟ ನಡೆಯಬಾರದು, ಒಂದು ಕ್ಷಣದ ಆವೇಶವೂ ನಡೆಯಬಾರದು.

ಆವೇಶ ಒಮ್ಮೆ ಈ ಬಾಗಿಲನ್ನೂ ದಾಟಿದೆ. 1919ರಲ್ಲಿ ಪಾನನಿಷೇಧ ಸಂವಿಧಾನದೊಳಕ್ಕೆ ಬಂತು. ಕಳ್ಳಭಟ್ಟಿಯ ದಂಧೆ, ಗ್ಯಾಂಗುಗಳ ಹಾವಳಿ ಕಂಡು 1933ರಲ್ಲಿ ಅದನ್ನು ತೆಗೆಯಲು ಇನ್ನೊಂದು ತಿದ್ದುಪಡಿಯೇ ಬೇಕಾಯಿತು. ಜನ ನಿಜವಾಗಿ ಒಂದಾದರೆ ತಡವೂ ಆಗುವುದಿಲ್ಲ. 18 ವರ್ಷದ ಹುಡುಗರನ್ನು ವಿಯೆಟ್ನಾಂ ಯುದ್ಧಕ್ಕೆ ಕಳಿಸಿ ಅವರಿಗೆ ಮತ ಕೊಡದಿರುವುದು ಅನ್ಯಾಯವೆಂದು ದೇಶಕ್ಕೆ ಅನ್ನಿಸಿದಾಗ, 1971ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಒಪ್ಪಿದ ತಿದ್ದುಪಡಿಗೆ ಜುಲೈ ಒಂದರ ಹೊತ್ತಿಗೆ 38 ರಾಜ್ಯಗಳು ಅಸ್ತು ಎಂದಿದ್ದವು. ನೂರೇ ದಿನ.

ಸುಲಭವಾಗಿ ತಿದ್ದಬಹುದಾದ ಸಂವಿಧಾನಕ್ಕೆ ಏನಾಗಬಹುದೆಂಬುದನ್ನು ನಾವೇ ಕಂಡಿದ್ದೇವೆ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ವಿರೋಧ ಪಕ್ಷಗಳ ಹಲವು ನಾಯಕರು ಬೆಂಗಳೂರಿನ ಸೆಂಟ್ರಲ್ ಜೈಲೂ ಸೇರಿದಂತೆ ನಾನಾ ಸೆರೆಮನೆಗಳಲ್ಲಿದ್ದಾಗ ನಮ್ಮ ಸಂಸತ್ತು ಕೋರ್ಟುಗಳ ಅಧಿಕಾರ ಮೊಟಕುಗೊಳಿಸುವ 42ನೇ ತಿದ್ದುಪಡಿ ಮಾಡಿ ಮುಗಿಸಿತ್ತು.

ವಿರೋಧ: ಬೀಗ ಗಟ್ಟಿಯಾದಷ್ಟೂ ಕಿಟಕಿ ಒಡೆಯುತ್ತಾರೆ

ಐದನೇ ವಿಧಿಯನ್ನು ಕೊನೆಯವರೆಗೂ ಓದಬೇಕು. ಗುಲಾಮರ ಆಮದನ್ನು ಕಾಯುವ ಷರತ್ತನ್ನು 1808ರವರೆಗೆ ತಿದ್ದುಪಡಿಯಿಂದಲೂ ಮುಟ್ಟುವಂತಿಲ್ಲ ಎಂದು ಅಲ್ಲಿ ಬರೆದಿದೆ. ಅದರ ಬೆನ್ನಿಗೇ ಇನ್ನೊಂದು ಮಾತು: ಸೆನೆಟ್‌ನಲ್ಲಿ ಯಾವ ರಾಜ್ಯದ ಸಮಪಾಲನ್ನೂ ಆ ರಾಜ್ಯದ ಒಪ್ಪಿಗೆಯಿಲ್ಲದೆ ಕಸಿಯುವಂತಿಲ್ಲ. ಈ ಬೀಗ ಮೊದಲ ದಿನದಿಂದಲೇ ಕೆಲವರ ಆಸ್ತಿಯನ್ನು, ಕೆಲವರ ಪಾಲನ್ನು ಕಾಯುತ್ತಿತ್ತು. ಮನುಷ್ಯರನ್ನು ಆ ಆಸ್ತಿಯ ಪಟ್ಟಿಗೆ ಸೇರಿಸಿದ್ದ ಬೀಗವನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಗುಲಾಮಗಿರಿ ಹೋದದ್ದಾದರೂ ಹೇಗೆ? ಕರಿಯರು ಪ್ರಜೆಗಳಾಗಲಾರರು ಎಂದು 1857ರಲ್ಲಿ ಸುಪ್ರೀಂ ಕೋರ್ಟು ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ತೀರ್ಪಿತ್ತಿತು. ಅದನ್ನು ತಿದ್ದುಪಡಿಯಿಂದ ಅಳಿಸಲು ಅಂದಿನ ಲೆಕ್ಕದಲ್ಲಿ ಸಾಧ್ಯವೇ ಇರಲಿಲ್ಲ, ಗುಲಾಮ ರಾಜ್ಯಗಳೇ ನಾಲ್ಕನೇ ಒಂದಕ್ಕಿಂತ ಹೆಚ್ಚಿದ್ದವು. ನಾಲ್ಕು ವರ್ಷದ ಅಂತರ್ಯುದ್ಧ, ಆರು ಲಕ್ಷಕ್ಕೂ ಮೀರಿದ ಹೆಣ. ಆಮೇಲೆ ಬಂದ, ಕರಿಯರಿಗೆ ಪೌರತ್ವ ಕೊಟ್ಟ 14ನೇ ತಿದ್ದುಪಡಿಯನ್ನು ಒಪ್ಪಿದರೆ ಮಾತ್ರ ಕಾಂಗ್ರೆಸ್ಸಿನಲ್ಲಿ ಮರಳಿ ಜಾಗ ಎಂದು ಸೋತ ದಕ್ಷಿಣದ ರಾಜ್ಯಗಳಿಗೆ ಷರತ್ತು ಹಾಕಬೇಕಾಯಿತು. ಅಂದು ಬೀಗ ತೆರೆದದ್ದು ಕೀಲಿಕೈಯಿಂದಲ್ಲ.

ಶಾಂತಿಕಾಲದಲ್ಲಿ ಏನಾಗುತ್ತದೆ ನೋಡಿ. ಮಕ್ಕಳನ್ನು ಗಿರಣಿಗಳಲ್ಲಿ ದುಡಿಸುವುದನ್ನು ತಡೆಯುವ ಕಾನೂನುಗಳನ್ನು ಸುಪ್ರೀಂ ಕೋರ್ಟು 1918ರಲ್ಲಿ ಒಮ್ಮೆ, 1922ರಲ್ಲಿ ಇನ್ನೊಮ್ಮೆ ಹೊಡೆದುಹಾಕಿತು. 1924ರಲ್ಲಿ ಕಾಂಗ್ರೆಸ್ ತಿದ್ದುಪಡಿಯನ್ನೇ ಒಪ್ಪಿ ರಾಜ್ಯಗಳಿಗೆ ಕಳಿಸಿತು. ಸಾಕಷ್ಟು ರಾಜ್ಯಗಳು ಎಂದೂ ಒಪ್ಪಲಿಲ್ಲ. ಅದು ಇವತ್ತಿಗೂ ಹಾಗೆಯೇ ಬಿದ್ದಿದೆ. ಕಡೆಗೆ 1938ರ ಕಾನೂನನ್ನು 1941ರಲ್ಲಿ ಅದೇ ಕೋರ್ಟು ಎತ್ತಿಹಿಡಿದಾಗ ಮಕ್ಕಳಿಗೆ ರಕ್ಷಣೆ ಸಿಕ್ಕಿತು. ಸಂವಿಧಾನದ ಅಕ್ಷರ ಅದೇ ಇತ್ತು, ಓದುವ ನ್ಯಾಯಾಧೀಶರು ಬದಲಾಗಿದ್ದರು.

ನನ್ನ ತಕರಾರಿನ ಬುಡ ಇದೇ. ತಿದ್ದುವ ದಾರಿ ಮುಚ್ಚಿದರೆ ತಿದ್ದುವ ಕೆಲಸ ನಿಲ್ಲುವುದಿಲ್ಲ, ಆಯ್ಕೆಯಾಗದ ಒಂಬತ್ತು ಜನರ ಕೈಗೆ ಹೋಗುತ್ತದೆ. ಅವರು 1973ರಲ್ಲಿ ಗರ್ಭಪಾತದ ಹಕ್ಕು ಕೊಟ್ಟರು, 2022ರಲ್ಲಿ ಅವರ ಉತ್ತರಾಧಿಕಾರಿಗಳು ಹಿಂದಕ್ಕೆ ಪಡೆದರು. ಯಾವುದು ಸರಿ ಎಂಬ ವಾದ ಬೇರೆ. ಜನರ ಪಾಲಿಗೆ ಎರಡೂ ಸಲ ಕಾದು ನೋಡುವುದಷ್ಟೇ ಉಳಿದಿತ್ತು. ಈ ಅಪಾಯ ಅಮೆರಿಕದವರಿಗೂ ಗೊತ್ತಿತ್ತು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಲ್ಲಿಗೆ ಹೋಗಿದ್ದಾಗ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೇ ‘ಡ್ಯೂ ಪ್ರಾಸೆಸ್’ (ನ್ಯಾಯಸಮ್ಮತ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು) ಎಂಬ ಮಾತನ್ನು ಎರವಲು ಪಡೆಯಬೇಡಿ ಎಂದು ಎಚ್ಚರಿಸಿದರು. ಜನ ಆರಿಸಿದ ಶಾಸಕರ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವಷ್ಟು ಅಧಿಕಾರ ಅದರಿಂದ ಬರುತ್ತದೆ ಎಂಬುದು ಅವರ ಆತಂಕ.

ಲೆಕ್ಕವನ್ನೂ ನೋಡಬೇಕು. ತಿದ್ದುಪಡಿ ತಡೆಯಲು 13 ರಾಜ್ಯ ಸಾಕು. ಅತಿ ಚಿಕ್ಕ 13 ರಾಜ್ಯಗಳ ಜನರನ್ನೆಲ್ಲ ಸೇರಿಸಿದರೂ ದೇಶದ ನೂರಕ್ಕೆ ಐದರಷ್ಟಿಲ್ಲ. ರೋಡ್ ಐಲೆಂಡ್ ಒಂದೇ ಅಡ್ಡಗಾಲು ಹಾಕುತ್ತಿದ್ದ ಕಾಲ ಹೋಯಿತು ಎನ್ನುವವರು ಈ ಅಂಕಿಯನ್ನು ಒಮ್ಮೆ ದಿಟ್ಟಿಸಲಿ.

ನೂರು ದಿನದ ಉದಾಹರಣೆ ಕೊಡುತ್ತಾರೆ. ಅದಾದ ಮೇಲೆ ಸಂವಿಧಾನಕ್ಕೆ ಸೇರಿದ್ದು ಒಂದೇ ತಿದ್ದುಪಡಿ. ಸಂಸದರ ಸಂಬಳದ ಬಗೆಗಿನ ಅದನ್ನು ಕಾಂಗ್ರೆಸ್ ಕಳಿಸಿದ್ದು 1789ರಲ್ಲಿ, ಕೈಸೇರಿದ್ದು 1992ರಲ್ಲಿ. ಅದೇ 1789ರಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಜೆಫರ್ಸನ್ ಪ್ಯಾರಿಸ್ಸಿನಿಂದ, ಸಂವಿಧಾನ ರಚನೆಯ ಮುಂದಾಳು ಮ್ಯಾಡಿಸನ್‌ಗೆ ಪತ್ರ ಬರೆದು, ಭೂಮಿ ಬದುಕಿರುವವರದು, 19 ವರ್ಷ ಕಳೆದ ಸಂವಿಧಾನ ತಾನಾಗಿ ಮುಗಿಯಬೇಕು ಎಂದಿದ್ದರು. ನಾನು ಅಷ್ಟು ದೂರ ಹೋಗುವುದಿಲ್ಲ. 42ನೇ ತಿದ್ದುಪಡಿಯ ನೆನಪು ನನಗೂ ಇದೆ, ಬೀಗವೇ ಬೇಡ ಎನ್ನುತ್ತಿಲ್ಲ. ಸದನಗಳಲ್ಲಿ ಈಗಿನ ಮೂರನೇ ಎರಡು ಹಾಗೆಯೇ ಇರಲಿ, ರಾಜ್ಯಗಳಿಗೂ ಅದೇ ಅಳತೆ ಸಾಕು ಎನ್ನುತ್ತೇನೆ. ಅಂದರೆ 34 ರಾಜ್ಯ. ಹೆಣ್ಣು ಗಂಡಿಗೆ ಸಮಾನ ಹಕ್ಕು ಕೊಡುವ ತಿದ್ದುಪಡಿ 1972ರಲ್ಲಿ ಕಾಂಗ್ರೆಸ್ಸನ್ನು ದಾಟಿತು. 1977ರ ಹೊತ್ತಿಗೆ ಅದನ್ನು ಅನುಮೋದಿಸಿದ್ದ ರಾಜ್ಯಗಳು 35.