ಚುಕ್ಕಿಗೆ ವಯಸ್ಸೆಷ್ಟು?

ಕೆಲಸಕ್ಕೆ ಸೇರಿದ ಹೊಸತು. ಬೆಂಗಳೂರಿನ ಒಂದು ಆಫೀಸು. ಔಷಧಿ ಪರೀಕ್ಷೆಗೆ ಒಳಗಾದವರ ಅಂಕಿಅಂಶಗಳನ್ನು ಸ್ಯಾಸ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಜೋಡಿಸುವ ಕೆಲಸ. ಹದಿನೆಂಟು ತುಂಬದವರು ಯಾರಾದರೂ ಪಟ್ಟಿಯಲ್ಲಿ ಸೇರಿದ್ದಾರಾ ನೋಡು ಎಂದರು. ಇದೇನು ಮಹಾ? ವಯಸ್ಸು 18ಕ್ಕಿಂತ ಕಡಿಮೆ ಇದ್ದವರನ್ನು ಎಣಿಸು ಎಂದು ಒಂದು ಸಾಲು ಬರೆದೆ. ಹನ್ನೊಂದು ಜನ ಸಿಕ್ಕರು. ಏನೋ ದೊಡ್ಡ ಹಗರಣ ಬಯಲಿಗೆಳೆದ ಖುಷಿಯಲ್ಲಿ ಸೀನಿಯರ್ ಮೇಡಂ ಹತ್ತಿರ ಓಡಿದೆ.

ಅವರು ಪರದೆ ನೋಡಿದರು, ನನ್ನನ್ನು ನೋಡಿದರು. "ಮಕ್ಕಳಿಗೆ ಯಾರಪ್ಪಾ ಔಷಧಿ ಕೊಟ್ಟರು? ಆ ಹನ್ನೊಂದು ಜನರ ವಯಸ್ಸು ಎಷ್ಟೆಷ್ಟು ಅಂತ ಒಂದ್ಸಲ ನೋಡಿದ್ಯಾ?"

ನೋಡಿರಲಿಲ್ಲ. ನೋಡಿದರೆ ಹನ್ನೊಂದೂ ಸಾಲಿನಲ್ಲಿ ಬರೀ ಒಂದು ಚುಕ್ಕಿ. ಯಾರೋ ವಯಸ್ಸು ತುಂಬಿಸುವುದನ್ನೇ ಬಿಟ್ಟಿದ್ದರು. ಅಂಕಿ ಇರಬೇಕಾದ ಜಾಗ ಖಾಲಿ ಇದ್ದರೆ ಸ್ಯಾಸ್ ಅಲ್ಲಿ ಚುಕ್ಕಿ ಇಡುತ್ತದೆ. ಆ ಚುಕ್ಕಿ ಅದರ ಲೆಕ್ಕದಲ್ಲಿ ಎಲ್ಲ ಸಂಖ್ಯೆಗಳಿಗಿಂತ ಚಿಕ್ಕದು, ಮೈನಸ್ ಸಂಖ್ಯೆಗಳಿಗಿಂತಲೂ. ಹಾಗಾಗಿ ವಯಸ್ಸೇ ಗೊತ್ತಿಲ್ಲದವರೆಲ್ಲ ಅಪ್ರಾಪ್ತ ವಯಸ್ಕರು!

ಮೇಡಂ ಬೈಯಲಿಲ್ಲ. ಡ್ರಾಯರಿನಿಂದ ಒಂದು ಪುಸ್ತಕ ತೆಗೆದುಕೊಟ್ಟರು. ಲೋರಾ ಡೆಲ್ವಿಚ್ ಮತ್ತು ಸೂಸನ್ ಸ್ಲಾಟರ್ ಬರೆದ 'ದಿ ಲಿಟಲ್ ಸ್ಯಾಸ್ ಬುಕ್'. ಮೊದಲ ಮುದ್ರಣ 1995ರದ್ದು. ಹೆಸರಿನಲ್ಲಷ್ಟೇ ಪುಟ್ಟದು. ಆದರೆ ಒಂದು ಜಾಣತನ ಮಾಡಿದ್ದಾರೆ. ಒಂದು ವಿಷಯಕ್ಕೆ ಎದುರುಬದುರಿನ ಎರಡೇ ಪುಟ. ಹಾಳೆ ಮಗುಚುವ ಮೊದಲೇ ವಿಷಯ ಮುಗಿದಿರುತ್ತದೆ. ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಓದುವವರಿಗೆ ಇದರ ಬೆಲೆ ಗೊತ್ತು.

ಅಂದಿನಿಂದ ಇಂಥ ಪುಸ್ತಕಗಳ ರುಚಿ ಹತ್ತಿತು. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಎಂಜಿನಿಯರಿಂಗ್ ಗೈಡುಗಳ ರಾಶಿಯ ಅಡಿಯಿಂದ ಎಳೆದು ತಂದವೂ ಇವೆ. ಓದುತ್ತಾ ಓದುತ್ತಾ ಒಂದು ಗೊತ್ತಾಯಿತು. ಭಾಷೆಯ ನಿಯಮ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಪ್ಪತ್ತು ವರ್ಷ ಅದರಲ್ಲೇ ಕೈ ಸುಟ್ಟುಕೊಂಡವರು ಬರೆದರೆ ಅದರ ವಾಸನೆಯೇ ಬೇರೆ. ನಮ್ಮೂರ ಮನೆಯಲ್ಲಿ ಅಜ್ಜಿ ಬಾವಿಕಟ್ಟೆಗೆ ಹೋಗುವ ದಾರಿ ತೋರಿಸುತ್ತಿರಲಿಲ್ಲ, ಅದು ಕಣ್ಣಿಗೇ ಕಾಣುತ್ತಿತ್ತಲ್ಲ. "ಮೂರನೇ ಕಲ್ಲಿನ ಮೇಲೆ ಪಾಚಿ ಇದೆ, ನೋಡ್ಕೊಂಡು ಕಾಲಿಡು" ಎನ್ನುತ್ತಿದ್ದಳು. ಅವಳು ಅಲ್ಲಿ ಜಾರಿ ಬಿದ್ದಿದ್ದಳು, ಅದಕ್ಕೇ.

ಈಗ ಎಲ್ಲವೂ ಹುಡುಕಿದರೆ ಸಿಗುತ್ತದೆ, ಪುಸ್ತಕ ಯಾಕೆ ಎಂದು ಹೊಸ ಹುಡುಗರು ಕೇಳುತ್ತಾರೆ. ನಿಜವೇ. ಆದರೆ ತಪ್ಪಾಗಿದೆ ಅಂತ ಗೊತ್ತಾದರೆ ತಾನೇ ಹುಡುಕೋದು? ಎರಡು ಪಟ್ಟಿಗಳನ್ನು ಕೂಡಿಸುವ ಮರ್ಜ್ ಎಂಬ ಆಜ್ಞೆಯನ್ನೇ ನೋಡಿ. ಒಂದರಲ್ಲಿ ರೋಗಿಗಳ ಹೆಸರು, ಇನ್ನೊಂದರಲ್ಲಿ ಅವರ ಬೀಪಿ. ಯಾವ ನಂಬರಿನ ಮೇಲೆ ಹೊಂದಿಸಬೇಕು ಎಂಬ ಸಾಲನ್ನು ಬರೆಯಲು ಮರೆತರೆ ಸ್ಯಾಸ್ ಗದರುವುದಿಲ್ಲ. ಮೊದಲನೆಯವರಿಗೆ ಮೊದಲ ಬೀಪಿ, ಎರಡನೆಯವರಿಗೆ ಎರಡನೆಯದು ಎಂದು ಊಟದ ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ ಹಂಚಿಕೊಂಡು ಹೋಗುತ್ತದೆ. ನಡುವೆ ಏಳನೆಯವರು ಬೀಪಿ ನೋಡಿಸಲು ಬಂದೇ ಇರಲಿಲ್ಲ ಅಂದುಕೊಳ್ಳಿ. ಎಂಟನೆಯವರ ಬೀಪಿ ಏಳನೆಯವರಿಗೆ, ಒಂಬತ್ತನೆಯವರದು ಎಂಟನೆಯವರಿಗೆ. ಕೊನೆಯವರೆಗೂ ಎಲ್ಲರ ರಕ್ತದೊತ್ತಡವೂ ಪಕ್ಕದವರದು. ತಪ್ಪಿದ್ದರೆ ಕೆಂಪಕ್ಷರದಲ್ಲಿ ಬೊಬ್ಬೆ ಹೊಡೆಯುವ ಲಾಗ್, ಅಂದರೆ ಪ್ರೋಗ್ರಾಂ ಓಡಿದ ಬಗ್ಗೆ ಸ್ಯಾಸ್ ಬರೆದಿಡುವ ವರದಿ, ಇಲ್ಲಿ ತೆಪ್ಪಗಿರುತ್ತದೆ. (ಎಚ್ಚರಿಕೆಗೆ ಮಾತ್ರ ಅದು ಹಸಿರು ಬಣ್ಣ ಇಟ್ಟಿದೆ. ಹಸಿರು ಕಂಡರೆ ಗಾಡಿ ಬಿಡುವ ನಮಗೆ!) ಇಂಥದ್ದನ್ನು ಹೇಳಲು ಒಮ್ಮೆ ಬಿದ್ದವರೇ ಬೇಕು.

ಹಳಬರ ಪುಸ್ತಕದಲ್ಲಿ ಹಳೆಯ ಕಾಲವೂ ಸಿಗುತ್ತದೆ. ಅಂಕಿಗಳನ್ನು ಪ್ರೋಗ್ರಾಮಿನೊಳಗೇ ಬರೆಯುವಾಗ 'ಕಾರ್ಡ್ಸ್' ಎಂಬ ಪದ ಹಾಕಬಹುದು. ರಟ್ಟಿನ ಕಾರ್ಡಿಗೆ ತೂತು ಹೊಡೆದು ಕಂಪ್ಯೂಟರಿಗೆ ಕೊಡುತ್ತಿದ್ದ ದಿನಗಳ ಉಳಿಕೆ ಅದು. ಕಾರ್ಡು ಹೋಗಿ ಎಷ್ಟೋ ಕಾಲವಾದರೂ ಪದ ಇವತ್ತಿಗೂ ಕೆಲಸ ಮಾಡುತ್ತದೆ.

ಪುಸ್ತಕಗಳಿಗೂ ವಯಸ್ಸಾಗುತ್ತದೆ, ಅದು ಬೇರೆ ಮಾತು. ಮುಂದೆ ಆರ್ ಭಾಷೆ ಕಲಿಯುವಾಗ ಪುಸ್ತಕದ್ದೇ ಸಾಲು, ಪುಸ್ತಕದ್ದೇ ಬೀಜಸಂಖ್ಯೆ (ಅದೇ ಬೀಜ ಹಾಕಿದರೆ ಪ್ರತಿಸಲವೂ ಅದೇ ಚೀಟಿಗಳು ಬರಬೇಕು) ಹಾಕಿ ಚೀಟಿ ಎತ್ತಿದ ಹಾಗೆ ಐದು ಸಂಖ್ಯೆ ಆರಿಸಿದೆ. ಪುಸ್ತಕದ ಉತ್ತರವೇ ಬೇರೆ, ನನ್ನದೇ ಬೇರೆ. ಒಂದು ಇಡೀ ಸಂಜೆ ನನ್ನ ತಪ್ಪನ್ನು ಹುಡುಕಿದೆ. ತಪ್ಪು ಯಾರದ್ದೂ ಅಲ್ಲ. 2019ರ 3.6.0 ಆವೃತ್ತಿಯಲ್ಲಿ ಆರ್ ಚೀಟಿ ಎತ್ತುವ ವಿಧಾನವನ್ನೇ ಬದಲಿಸಿತ್ತು. ಪುಸ್ತಕ ಅದಕ್ಕಿಂತ ಹಿಂದಿನದು.

ಇನ್ನು ತಾರೀಖು. ಸ್ಯಾಸ್ ತಾರೀಖುಗಳನ್ನು ದಿನಗಳ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. 1960ರ ಜನವರಿ 1 ಅದಕ್ಕೆ ಸೊನ್ನೆ. ಅದಕ್ಕಿಂತ ಮುಂಚಿನದೆಲ್ಲ ಮೈನಸ್. ನಮ್ಮ ರಾಜ್ಯ ಒಂದಾದ 1956ರ ನವೆಂಬರ್ 1 ಎಂದರೆ ಮೈನಸ್ 1156.

ಒಂದೇ ದಿನ ವಿಪರೀತ ಜನ ಹುಟ್ಟಿದ್ದರೆ ಅನುಮಾನಪಡಿ ಎಂಬುದು ಡೇಟಾ ಶುಚಿ ಮಾಡುವವರು ಮೊದಲು ಕಲಿಯುವ ಪಾಠಗಳಲ್ಲಿ ಒಂದು. ಆದರೆ ಅಮೆರಿಕದಲ್ಲಿ ಕೂತು ಬರೆದ ಪಂಡಿತರಿಗೆ ನಮ್ಮ ಜೂನ್ 1 ಎಲ್ಲಿ ಗೊತ್ತು? ನಮ್ಮ ಕಡೆಯ ಹಿರಿಯರ ಪಟ್ಟಿ ಕೊಟ್ಟರೆ ಅರ್ಧ ಊರೇ ಅವತ್ತು ಹುಟ್ಟಿರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದೇ ಜನ್ಮದಿನ. ಈ ಪಾಚಿ ಯಾವ ಪುಸ್ತಕದಲ್ಲೂ ನನಗೆ ಕಂಡಿಲ್ಲ.

ನಮ್ಮಪ್ಪನದೂ ಅದೇ ಕಥೆ. ದಾಖಲೆಯಲ್ಲಿ 1952ರ ಜೂನ್ 1. ಒಂದು ಭಾನುವಾರ ಲ್ಯಾಪ್‌ಟಾಪ್ ತೋರಿಸಿ, "ಅಪ್ಪಾ, ನೀವು ಹುಟ್ಟಿದ್ದು ಮೈನಸ್ 2770ಕ್ಕೆ" ಎಂದೆ.

ಅಪ್ಪ ಕನ್ನಡಕ ಏರಿಸಿ ನೋಡಿದರು. "ನಾನು ಹುಟ್ಟಿದ್ದು ಆ ವರ್ಷದ ದೀಪಾವಳಿ ಕಳೆದ ಮೇಲೆ ಕಣೋ. ಅದಕ್ಕೆ ಇನ್ನೊಂದೈದು ತಿಂಗಳು ಸೇರಿಸ್ಕೋ" ಎಂದು ಪೇಪರು ಬಿಡಿಸಿದರು.