ಒಂದೇ ಸಲ ಗಾಂಜಾ ಸೇದಿದರೆ ಐಕ್ಯೂ 8 ಅಂಕ ಇಳಿಯುತ್ತದೆಯೇ?

ಹದಿಹರೆಯದಲ್ಲಿ ಒಂದು ಸಲ ಗಾಂಜಾ ಸೇದಿದರೂ ಐಕ್ಯೂ 8 ಅಂಕ ಕುಸಿಯುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಕಳಿಸುವವರ ಕಾಳಜಿ ಅರ್ಥವಾಗುತ್ತದೆ. ಆದರೆ ಒಮ್ಮೆ ಸೇದಿದ ಗೆಳೆಯ ಚೆನ್ನಾಗೇ ಓದುತ್ತಿರುವುದನ್ನು ಮಕ್ಕಳು ನೋಡುತ್ತಾರೆ, ಅಲ್ವಾ? ಆಮೇಲೆ ನಿಜವಾದ ಎಚ್ಚರಿಕೆಯನ್ನೂ ನಂಬುವುದಿಲ್ಲ.

ಆ 8 ಅಂಕ ಸುಮ್ನೆ ಹುಟ್ಟಿದ್ದಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಂದಿಯನ್ನು 38 ವರ್ಷದವರೆಗೆ ಗಮನಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಇಷ್ಟು ಇಳಿಕೆ ಕಂಡದ್ದು ಹದಿಹರೆಯದಲ್ಲೇ ಶುರು ಮಾಡಿ, ವರ್ಷಗಟ್ಟಲೆ ಚಟಕ್ಕೆ ಬಿದ್ದವರ ಚಿಕ್ಕ ಗುಂಪಿನಲ್ಲಿ ಮಾತ್ರ. 2016ರಲ್ಲಿ ಅವಳಿಗಳನ್ನು ಹೋಲಿಸಿದಾಗ, ಸೇದಿದವರಿಗೂ ಸೇದದವರಿಗೂ ಐಕ್ಯೂ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಂತ ಏನೂ ಆಗಲ್ಲ ಅಂದುಕೊಳ್ಳಬೇಡಿ. ಮೆದುಳು ಸುಮಾರು 25ರ ತನಕ ಮಾಗುತ್ತಲೇ ಇರುತ್ತದೆ. ಯೋಚಿಸಿ ತೀರ್ಮಾನಿಸುವ, ಆತುರವನ್ನು ತಡೆಯುವ ಮುಂಭಾಗ ಮಾಗುವುದು ಕೊನೆಗೆ. ನರಕೋಶಗಳ ನಡುವಿನ ಬೇಡದ ಕೊಂಡಿಗಳನ್ನು ಕಳಚುವ ಕೆಲಸ ಆಗ ಜೋರಾಗಿರುತ್ತದೆ. ಅದನ್ನು ಹದದಲ್ಲಿಡಲು ನೆರವಾಗುವ, ಗಾಂಜಾದ ಅಂಶವನ್ನೇ ಹೋಲುವ ರಾಸಾಯನಿಕಗಳನ್ನು ದೇಹವೇ ತಯಾರಿಸುತ್ತದೆ. ಗಾಂಜಾದಲ್ಲಿ ಮತ್ತೇರಿಸುವ ಅಂಶವಾದ ಟಿಎಚ್‌ಸಿ ಹೋಗಿ ಕೂರುವುದು ಅವುಗಳ ಜಾಗದಲ್ಲೇ. ಪದೇ ಪದೇ ಸೇದುವವರಲ್ಲಿ ನೆನಪು, ಗಮನ ಎರಡೂ ಕುಗ್ಗುತ್ತವೆ. ಬಿಟ್ಟು ಕೆಲವು ವಾರಗಳಾದರೆ ಎಷ್ಟೋ ಸುಧಾರಿಸುತ್ತವೆ.

ನನಗೆ ಜಾಸ್ತಿ ಭಯವಾಗುವುದು ಐಕ್ಯೂ ಬಗ್ಗೆ ಅಲ್ಲ, ಸೈಕೋಸಿಸ್ ಎಂಬ ಮಾನಸಿಕ ಕಾಯಿಲೆಯ ಬಗ್ಗೆ. ಅದರಲ್ಲಿ ಇಲ್ಲದ ದನಿ ಕೇಳಿಸುತ್ತದೆ, ಎಲ್ಲರ ಮೇಲೂ ಅನುಮಾನ ಹುಟ್ಟುತ್ತದೆ. ಚಿಕ್ಕ ವಯಸ್ಸು, ದಿನವೂ ಸೇದುವುದು, ಟಿಎಚ್‌ಸಿ ಜಾಸ್ತಿಯಿರುವ ಮಾಲು, ಮನೆತನದಲ್ಲಿ ಇಂಥ ಕಾಯಿಲೆ: ಇವು ಒಟ್ಟು ಸೇರಿದಷ್ಟೂ ಅಪಾಯ ಏರುತ್ತದೆ.